‘ಯಾವುದೂ ಇಲ್ಲ’ ಜೊತೆ ಇನ್ನೆರಡು ಟಿಕ್

ಸರ್ವೆ ಡೇಟಾ ಎಕ್ಸೆಲ್‌ಗೆ ಇಳಿದ ಮೇಲೆ ನಾನು ಮೊದಲು ಹುಡುಕುವುದು ಒಂದು ವಿಷಯವನ್ನು. ಒಂದಕ್ಕಿಂತ ಜಾಸ್ತಿ ಉತ್ತರ ಟಿಕ್ ಮಾಡಬಹುದಾದ ಪ್ರಶ್ನೆಗಳಲ್ಲಿ ‘ಯಾವುದೂ ಇಲ್ಲ’ ಎಂಬುದರ ಜೊತೆ ಬೇರೆ ಟಿಕ್ ಬಿದ್ದಿದೆಯಾ ಅಂತ. ‘ನಿಮ್ಮ ಮನೆಗೆ ಯಾವ ಯಾವ ಸರ್ಕಾರಿ ಯೋಜನೆ ಸಿಗುತ್ತಿದೆ?’ ಎಂದು ಕೇಳಿರುತ್ತೇವೆ. ಒಂದೇ ಮನೆಯ ಉತ್ತರದಲ್ಲಿ ಅನ್ನಭಾಗ್ಯ, ಗೃಹಜ್ಯೋತಿ, ಯಾವುದೂ ಇಲ್ಲ, ಮೂರೂ ಇರುತ್ತವೆ. ಈಗ ಯಾವುದನ್ನು ನಂಬುವುದು? ಬೆರಳು ತಾಗಿ ಟಿಕ್ ಆಗಿರಬಹುದು. ಇಲ್ಲಾಂದ್ರೆ ಆ ಮನೆಯ ಅಮ್ಮ ಮೊದಲು ‘ನಮಗೇನೂ ಬರಲ್ಲ ಬಿಡಿ’ ಎಂದಿದ್ದು, ಆಮೇಲೆ ಒಂದೊಂದೇ ಹೆಸರು ಓದಿ ಕೇಳಿದಾಗ ‘ಹಾಂ, ಅಕ್ಕಿ ಬರುತ್ತೆ, ಕರೆಂಟ್ ಬಿಲ್ಲೂ ಸೊನ್ನೆ ಬರುತ್ತೆ’ ಎಂದಿರಬಹುದು. ಆಫೀಸಿನಲ್ಲಿ ಕೂತವರಿಗೆ ಇದು ಗೊತ್ತಾಗುವುದಿಲ್ಲ. ಮತ್ತೆ ಆ ಮನೆಗೆ ಹೋಗಿ ಕೇಳಬೇಕು. ಸಾಮಾನ್ಯವಾಗಿ ಯಾರೂ ಹೋಗುವುದಿಲ್ಲ, ಯಾರೋ ಒಬ್ಬರು ತಮಗೆ ಸರಿ ಅನಿಸಿದ್ದನ್ನು ಉಳಿಸಿಕೊಂಡು ಇನ್ನೊಂದನ್ನು ಅಳಿಸುತ್ತಾರೆ. ಆ ಅಮ್ಮನ ಉತ್ತರ ಅಲ್ಲಿಗೆ ಹೋಯಿತು.

ಇದನ್ನು ಮನೆ ಬಾಗಿಲಲ್ಲೇ, ಕೇಳುತ್ತಿರುವಾಗಲೇ ತಡೆಯಬಹುದು. ಅದಕ್ಕೇ ವ್ಯಾಲಿಡೇಷನ್ ರೂಲ್, ಅಂದರೆ ಹೊಂದದ ಉತ್ತರ ತುಂಬಿದರೆ ಫಾರ್ಮ್ ಮುಂದೆ ಬಿಡದ ಹಾಗೆ ಮಾಡುವ ನಿಯಮ, ಇರುವುದು. ಫಾರ್ಮ್ ಮಾಡುವುದು ನನ್ನ ಕೆಲಸ, ಹಾಗಾಗಿ ಬಹು ಆಯ್ಕೆ ಪ್ರಶ್ನೆಗಳಿಗೆ ನಾನು ಯಾವ ರೂಲ್ ಹಾಕುತ್ತೇನೆ, ಯಾವುದನ್ನು ಹಾಕುವುದಿಲ್ಲ ಅನ್ನೋದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಹಾಕದೇ ಇರುವುದರ ಬಗ್ಗೆಯೇ ಜಾಸ್ತಿ ಹೇಳೋದಿದೆ.

ನಾನು ಬಳಸುವುದು ಓಡಿಕೆ ಮತ್ತು ಕೋಬೋ ಟೂಲ್‌ಬಾಕ್ಸ್, ಫೋನಿನಲ್ಲೇ ಸರ್ವೆ ಉತ್ತರ ತುಂಬಿಕೊಳ್ಳುವ ಸಾಫ್ಟ್‌ವೇರ್‌ಗಳು. ಓಡಿಕೆ 2008ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಶುರುವಾಗಿದ್ದು, ಕೋಬೋ ಅದರ ಮೇಲೆಯೇ ಬೆಳೆದದ್ದು. ಎರಡರಲ್ಲೂ ಫಾರ್ಮನ್ನು ಎಕ್ಸೆಲ್ ಹಾಳೆಯಲ್ಲೇ ಬರೆಯಬಹುದು. ‘ಸರ್ವೆ’ ಶೀಟಿನಲ್ಲಿ ಪ್ರಶ್ನೆಗಳು, ‘ಚಾಯ್ಸಸ್’ ಶೀಟಿನಲ್ಲಿ ಆಯ್ಕೆಗಳು. ಪ್ರಶ್ನೆಯ ಸಾಲಿನಲ್ಲೇ ‘ಕನ್‌ಸ್ಟ್ರೇಂಟ್’ ಎಂಬ ಕಾಲಂ ಇದೆ. ರೂಲ್ ಬರೆಯುವುದು ಅಲ್ಲಿ. ಅದರ ಪಕ್ಕದ ಕಾಲಂನಲ್ಲಿ, ರೂಲ್ ಮುರಿದಾಗ ಪರದೆ ಮೇಲೆ ಬರಬೇಕಾದ ಮಾತು.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಬೇಕು. ಬಹು ಆಯ್ಕೆ ಪ್ರಶ್ನೆಯ ಉತ್ತರ ಒಳಗೆ ಹೇಗೆ ಕೂತಿರುತ್ತದೆ? ಟಿಕ್ ಆದ ಆಯ್ಕೆಗಳ ಕೋಡ್‌ಗಳು ಒಂದೇ ಸಾಲಿನಲ್ಲಿ, ನಡುನಡುವೆ ಒಂದು ಸ್ಪೇಸ್ ಬಿಟ್ಟು. ನಲ್ಲಿಗೆ 1, ಬಾವಿಗೆ 4, ಟ್ಯಾಂಕರ್‌ಗೆ 11 ಎಂದು ಕೋಡ್ ಕೊಟ್ಟಿದ್ದರೆ, ಬಾವಿ ಮತ್ತು ಟ್ಯಾಂಕರ್ ಎರಡೂ ಬಳಸುವ ಮನೆಯ ಉತ್ತರ ‘4 11’. ಇದರಿಂದ ಎರಡು ಮಾತು ತಾನಾಗಿಯೇ ಬರುತ್ತವೆ. ಆಯ್ಕೆಯ ಕೋಡ್‌ನಲ್ಲಿ ಸ್ಪೇಸ್ ಇರಬಾರದು, ಇದ್ದರೆ ಒಂದು ಆಯ್ಕೆ ಎರಡಾಗಿ ಒಡೆಯುತ್ತದೆ. ಎರಡನೆಯದು ಇನ್ನೂ ಮುಖ್ಯ. ‘ನಲ್ಲಿ ಟಿಕ್ ಆಗಿದೆಯಾ’ ಎಂದು ನೋಡಲು ‘ಕಂಟೇನ್ಸ್’ ಎಂಬ ಫಂಕ್ಷನ್ ಬಳಸಿ ಉತ್ತರದಲ್ಲಿ 1 ಇದೆಯಾ ಎಂದು ಹುಡುಕಿದರೆ, 11 ಎಂಬುದರ ಒಳಗೂ 1 ಸಿಗುತ್ತದೆ. ಟ್ಯಾಂಕರ್ ನೀರಿನ ಮನೆಯೆಲ್ಲ ನಲ್ಲಿ ನೀರಿನ ಮನೆಯಾಗುತ್ತದೆ. ಪರದೆ ಮೇಲೆ ಯಾವ ದೋಷವೂ ಕಾಣುವುದಿಲ್ಲ, ಫಾರ್ಮ್ ಸಲೀಸಾಗಿ ಓಡುತ್ತದೆ. ಇದಕ್ಕೆಂದೇ ‘ಸೆಲೆಕ್ಟೆಡ್’ ಎಂಬ ಬೇರೆ ಫಂಕ್ಷನ್ ಇದೆ, ಅದು ಇಡೀ ಕೋಡನ್ನು ಹೋಲಿಸುತ್ತದೆ. ಬಹು ಆಯ್ಕೆ ಪ್ರಶ್ನೆಗೆ ಯಾವಾಗಲೂ ಅದನ್ನೇ ಬಳಸಿ.

ಈಗ ‘ಯಾವುದೂ ಇಲ್ಲ’ಕ್ಕೆ ಬರೋಣ. ರೂಲನ್ನು ಕನ್ನಡದಲ್ಲಿ ಹೇಳಿದರೆ ಹೀಗೆ: ‘ಯಾವುದೂ ಇಲ್ಲ’ ಟಿಕ್ ಆಗಿದ್ದು, ಒಟ್ಟು ಟಿಕ್ 1ಕ್ಕಿಂತ ಜಾಸ್ತಿ ಇದ್ದರೆ ಮುಂದೆ ಬಿಡಬಾರದು. ಟಿಕ್ ಎಷ್ಟು ಎಂದು ಎಣಿಸಲು ‘ಕೌಂಟ್-ಸೆಲೆಕ್ಟೆಡ್’ ಇದೆ. ಆದರೆ ಕನ್‌ಸ್ಟ್ರೇಂಟ್ ಕಾಲಂ ಕೇಳುವುದು ‘ಯಾವಾಗ ಬಿಡಬೇಕು’ ಎಂಬುದನ್ನು. ನಾವು ಯೋಚಿಸುವುದು ‘ಯಾವಾಗ ತಡೆಯಬೇಕು’ ಅಂತ. ಹೊಸದಾಗಿ ಫಾರ್ಮ್ ಬರೆಯುವವರು ಇಲ್ಲೇ ಎಡವುವುದು. ಯೋಚಿಸಿದ ಹಾಗೇ ಬರೆದರೆ, ಸರಿಯಾದ ಉತ್ತರಗಳೆಲ್ಲ ತಡೆದು ನಿಂತು, ತಪ್ಪು ಉತ್ತರ ಮಾತ್ರ ಮುಂದೆ ಹೋಗುತ್ತದೆ. ಆದ್ದರಿಂದ ಇಡೀ ಮಾತನ್ನು ‘ನಾಟ್’ (ಹೀಗೆ ಇಲ್ಲದಿದ್ದರೆ) ಎಂಬುದರ ಬ್ರ್ಯಾಕೆಟ್ ಒಳಗೆ ಹಾಕಬೇಕು. ‘ಗೊತ್ತಿಲ್ಲ’, ‘ಹೇಳಲು ಇಷ್ಟವಿಲ್ಲ’ ಎಂಬ ಆಯ್ಕೆಗಳಿದ್ದರೆ ಅವೂ ಒಂಟಿಯಾಗಿಯೇ ಇರಬೇಕು. ಅವನ್ನು ‘ಆರ್’ (ಅಥವಾ) ಹಾಕಿ ಅದೇ ರೂಲ್‌ಗೆ ಸೇರಿಸಿ. ‘ಆರ್’ ಇರುವ ಭಾಗಕ್ಕೆ ಬೇರೆ ಬ್ರ್ಯಾಕೆಟ್ ಹಾಕೋದನ್ನು ಮರೆಯಬೇಡಿ, ಇಲ್ಲದಿದ್ದರೆ ಅರ್ಥವೇ ಬದಲಾಗುತ್ತದೆ.

ಇನ್ನೊಂದು. ಏನೂ ಟಿಕ್ ಮಾಡದೆ ಖಾಲಿ ಬಿಟ್ಟು ಮುಂದೆ ಹೋದರೆ ಈ ರೂಲ್ ಓಡುವುದೇ ಇಲ್ಲ. ಖಾಲಿಯನ್ನು ತಡೆಯುವುದು ‘ರಿಕ್ವೈರ್ಡ್’ ಎಂಬ ಬೇರೆ ಕಾಲಂನ ಕೆಲಸ. ಕನಿಷ್ಠ 1 ಟಿಕ್ ಇರಲಿ ಎಂದು ಕನ್‌ಸ್ಟ್ರೇಂಟ್ ಬರೆದು, ಅಷ್ಟು ಸಾಕು ಅಂದುಕೊಂಡಿರುವ ಫಾರ್ಮ್‌ಗಳು ತುಂಬಾ ಇವೆ.

ರೂಲ್‌ಗಿಂತ ಸಂದೇಶದ ಮೇಲೆ ನನಗೆ ಕಾಳಜಿ ಜಾಸ್ತಿ. ‘ಅಮಾನ್ಯ ಉತ್ತರ’ ಎಂದು ಬಂದರೆ ಸರ್ವೆ ಮಾಡುವ ಹುಡುಗಿಗೆ ಏನು ತಿಳಿಯಬೇಕು? ಆಕೆ ಬಿಸಿಲಲ್ಲಿ ಒಂದು ಜಗಲಿಯ ಮೇಲೆ ಕೂತಿದ್ದಾಳೆ, ಎದುರಿಗೆ ಮಾತಾಡುತ್ತಿರುವವರಿಗೆ ಒಲೆ ಮೇಲಿಟ್ಟ ಸಾರಿನ ಚಿಂತೆ ಇದೆ, ಇನ್ನೂ ಎಷ್ಟೋ ಮನೆ ಬಾಕಿ. ಏನೋ ಒಂದು ಟಿಕ್ ತೆಗೆದರೆ ಪರದೆ ಮುಂದೆ ಹೋಗುತ್ತದೆ ಎಂದು ಆಕೆಗೆ ಗೊತ್ತು. ಯಾವುದನ್ನು ತೆಗೆಯಬೇಕು ಎಂದು ಮಾತ್ರ ಗೊತ್ತಿಲ್ಲ. ಹಾಗಾಗಿ ನಾನು ಹೀಗೆ ಬರೆಯುತ್ತೇನೆ: ‘ಯಾವುದೂ ಇಲ್ಲ ಎಂಬುದರ ಜೊತೆ ಬೇರೆ ಯೋಜನೆಯೂ ಟಿಕ್ ಆಗಿದೆ. ಮನೆಯವರನ್ನು ಇನ್ನೊಮ್ಮೆ ಕೇಳಿ. ಒಂದಾದರೂ ಸಿಗುತ್ತಿದ್ದರೆ ‘ಯಾವುದೂ ಇಲ್ಲ’ ತೆಗೆಯಿರಿ.’ ಏನಾಗಿದೆ, ಯಾರನ್ನು ಕೇಳಬೇಕು, ಆಮೇಲೆ ಏನು ಮಾಡಬೇಕು, ಮೂರೂ ಅದರಲ್ಲಿವೆ. ಪ್ರಶ್ನೆಗಳನ್ನು ಕನ್ನಡದಲ್ಲಿ ಹಾಕಿ ಈ ಸಂದೇಶಗಳನ್ನು ಇಂಗ್ಲಿಷಿನಲ್ಲೇ ಬಿಡುವವರಿದ್ದಾರೆ. ಪ್ರಶ್ನೆಗೆ ಕನ್ನಡ ಕಾಲಂ ಮಾಡುವ ಹಾಗೆಯೇ ಸಂದೇಶಕ್ಕೂ ಮಾಡಬಹುದು, ದಯವಿಟ್ಟು ಮಾಡಿ.

ಕೆಲವು ಕಡೆ ಈ ರೂಲೇ ಬೇಡವಾಗುವ ಹಾಗೆ ಪ್ರಶ್ನೆಯನ್ನು ಒಡೆಯಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಶ್ನಾವಳಿ ನೋಡಿ. ನೀರನ್ನು ಕುಡಿಯುವ ಮೊದಲು ಶುದ್ಧ ಮಾಡಲು ಏನಾದರೂ ಮಾಡುತ್ತೀರಾ ಎಂದು ಮೊದಲು ಹೌದು-ಇಲ್ಲ ಪ್ರಶ್ನೆ. ಹೌದು ಎಂದರೆ ಮಾತ್ರ ಏನು ಮಾಡುತ್ತೀರಿ ಎಂಬ ಪ್ರಶ್ನೆ: ಕುದಿಸುವುದು, ಬಟ್ಟೆಯಲ್ಲಿ ಸೋಸುವುದು, ಪಟಿಕ ಹಾಕುವುದು, ಫಿಲ್ಟರ್ ಹೀಗೆ. ಹೇಳಿದ್ದನ್ನೆಲ್ಲ ಗುರುತು ಮಾಡಿಕೊಳ್ಳಬೇಕು. ಎರಡನೇ ಪ್ರಶ್ನೆಯಲ್ಲಿ ‘ಏನೂ ಮಾಡುವುದಿಲ್ಲ’ ಎಂಬ ಆಯ್ಕೆಗೆ ಜಾಗವೇ ಇಲ್ಲ, ಹಾಗಾಗಿ ಅದು ಬೇರೆ ಟಿಕ್ ಜೊತೆ ಸೇರುವ ಪ್ರಶ್ನೆಯೂ ಇಲ್ಲ. ಒಂದು ಪ್ರಶ್ನೆ ಜಾಸ್ತಿಯಾಯಿತು, ನಿಜ. ಆದರೆ ಕೇಳುವವರಿಗೂ ಹೇಳುವವರಿಗೂ ಮಾತು ಸಲೀಸು. ನನಗೆ ಈ ದಾರಿಯೇ ಹೆಚ್ಚು ಇಷ್ಟ.

ನೀರಿನ ಮಾತು ಬಂದ ಮೇಲೆ ‘ಮುಖ್ಯ’ ಎಂಬ ಪ್ರಶ್ನೆಯ ಬಗ್ಗೆಯೂ ಹೇಳಿಬಿಡುತ್ತೇನೆ. 2011ರ ಜನಗಣತಿಯ ಮನೆಪಟ್ಟಿಯಲ್ಲಿ ಕುಡಿಯುವ ನೀರಿನ ಮುಖ್ಯ ಮೂಲ ಕೇಳಿದ್ದರು, ಒಂದೇ ಉತ್ತರ. ದೇಶದ ಲೆಕ್ಕಕ್ಕೆ ಅದು ಸರಿ. ಆದರೆ ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಮನೆಗಳಲ್ಲಿ ಪಾತ್ರೆ ತೊಳೆಯೋಕೆ ಬೋರ್‌ವೆಲ್ ನೀರು, ಕುಡಿಯೋಕೆ ಶುದ್ಧ ನೀರಿನ ಘಟಕದಿಂದ ಕ್ಯಾನ್, ಬೇಸಿಗೆಯಲ್ಲಿ ಟ್ಯಾಂಕರ್ ಎಂದು ಮೂರು ಕಡೆಯ ನೀರು ಇರುವುದು ಸಾಮಾನ್ಯ. ಒಂದೇ ಆರಿಸಿ ಎಂದರೆ ಉಳಿದ ಕಥೆ ಹೋಗುತ್ತದೆ. ಎಲ್ಲ ಟಿಕ್ ಮಾಡಿ ಎಂದರೆ ಮುಖ್ಯವಾದದ್ದು ತಿಳಿಯುವುದಿಲ್ಲ. ಎರಡೂ ಕೇಳಿದರೆ? ಮೊದಲ ಪ್ರಶ್ನೆಯಲ್ಲಿ ಟ್ಯಾಂಕರ್ ಟಿಕ್ ಮಾಡದೆ ಎರಡನೆಯದರಲ್ಲಿ ಟ್ಯಾಂಕರೇ ಮುಖ್ಯ ಎಂದು ಬರುತ್ತದೆ. ಇದಕ್ಕೆ ಕನ್‌ಸ್ಟ್ರೇಂಟ್ ಹಾಕಿ ಗದರಿಸುವ ಬದಲು, ‘ಚಾಯ್ಸ್ ಫಿಲ್ಟರ್’ ಕಾಲಂನಲ್ಲಿ ಮೊದಲ ಪ್ರಶ್ನೆಯಲ್ಲಿ ಟಿಕ್ ಆದವನ್ನು ಮಾತ್ರ ತೋರಿಸು ಎಂದು ಬರೆಯಿರಿ. ಎರಡೂ ಪ್ರಶ್ನೆಗೆ ಒಂದೇ ಆಯ್ಕೆ ಪಟ್ಟಿ ಇದ್ದರೆ ಸಾಕು. ಆಗ ಮೂರು ಟಿಕ್ ಮಾಡಿದ ಮನೆಗೆ ಆ ಮೂರೇ ಕಾಣುತ್ತವೆ. ತಪ್ಪು ಮಾಡಲು ಜಾಗವೇ ಇಲ್ಲದ ಮೇಲೆ ತಪ್ಪಿನ ಸಂದೇಶವೂ ಬೇಡ, ಅಲ್ವಾ?

‘ಹೆಚ್ಚೆಂದರೆ 3 ಆರಿಸಿ’ ಎಂಬ ರೂಲ್ ಬರೆಯುವುದು ಸುಲಭ, ಎಣಿಕೆ 3 ಅಥವಾ ಕಡಿಮೆ ಇರಬೇಕು ಅಷ್ಟೇ. ‘ಸರಿಯಾಗಿ 3’ ಎಂಬುದನ್ನು ಮಾತ್ರ ನಾನು ಹಾಕುವುದೇ ಇಲ್ಲ. ರೈತರೊಬ್ಬರನ್ನು ಬೆಳೆಯ ದೊಡ್ಡ ತೊಂದರೆ ಏನು ಎಂದು ಕೇಳಿದರೆ ಅವರು ‘ಮಳೆ’ ಎನ್ನುತ್ತಾರೆ, ಅಷ್ಟೇ. ಇನ್ನೆರಡು ಹೇಳಿ, ಇನ್ನೆರಡು ಹೇಳಿ ಎಂದು ಕೇಳಿದರೆ ಸುಮ್ನೆ ಏನೋ ಎರಡು ಹೇಳುತ್ತಾರೆ. ಆ ಎರಡು ನಾವು ಹುಟ್ಟಿಸಿದ್ದು, ಅವರದ್ದಲ್ಲ. ವರದಿಯಲ್ಲಿ ಮಾತ್ರ ಮೂರಕ್ಕೂ ಒಂದೇ ತೂಕ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾತಿಗೆ ಬರುತ್ತೇನೆ.

ಎರಡು ಪ್ರಶ್ನೆಗಳ ನಡುವೆ ಹಾಕುವ ರೂಲ್‌ಗಳಿರುತ್ತವೆ. ಉದಾಹರಣೆಗೆ, ಮೊದಲು ರೇಷನ್ ಕಾರ್ಡ್ ಯಾವುದು ಎಂದು ಕೇಳಿರುತ್ತೇವೆ: ಅಂತ್ಯೋದಯ, ಬಿಪಿಎಲ್, ಎಪಿಎಲ್, ಕಾರ್ಡ್ ಇಲ್ಲ. ಆಮೇಲೆ ಯೋಜನೆಗಳ ಬಹು ಆಯ್ಕೆ ಪ್ರಶ್ನೆ. ಅನ್ನಭಾಗ್ಯದ ಅಕ್ಕಿ ಬರುವುದು ಅಂತ್ಯೋದಯ, ಬಿಪಿಎಲ್ ಕಾರ್ಡಿಗೆ. ಆದ್ದರಿಂದ ‘ಕಾರ್ಡ್ ಇಲ್ಲ’ ಎಂದವರು ಅನ್ನಭಾಗ್ಯ ಟಿಕ್ ಮಾಡಬಾರದು ಎಂದು ರೂಲ್ ಹಾಕೋಣ ಅನಿಸುತ್ತದೆ. ಕಾಗದದ ಮೇಲೆ ಪಕ್ಕಾ ರೂಲ್.

ಊರಿಗೆ ಹೋಗಿ ನೋಡಿ. ಜನಗಣತಿಯಲ್ಲೂ ನಮ್ಮ ಹೆಚ್ಚಿನ ಸರ್ವೆಗಳಲ್ಲೂ ಕುಟುಂಬ ಎಂದರೆ ಒಂದೇ ಅಡುಗೆಮನೆಯಲ್ಲಿ ಊಟ ಮಾಡುವವರು. ರೇಷನ್ ಕಾರ್ಡಿನ ಕುಟುಂಬ ಎಂದರೆ ಕಾರ್ಡಿನಲ್ಲಿ ಹೆಸರಿರುವವರು. ಮಗನಿಗೆ ಮದುವೆಯಾಗಿ ಪಕ್ಕದಲ್ಲೇ ಬೇರೆ ಒಲೆ ಹೂಡಿರುತ್ತಾನೆ, ಕಾರ್ಡಿನಲ್ಲಿ ಅವನ ಹೆಸರು ಇನ್ನೂ ಅಪ್ಪ-ಅಮ್ಮನ ಜೊತೆಗೇ ಇರುತ್ತದೆ. ತಿಂಗಳು ತಿಂಗಳು ಅಕ್ಕಿ ಬಂದಾಗ ಅವನ ಪಾಲು ಅವನ ಮನೆಗೆ ಬರುತ್ತದೆ. ‘ನಿಮ್ಮ ಮನೆಗೆ ಕಾರ್ಡ್ ಇದೆಯಾ?’ ಎಂದರೆ ಸೊಸೆ ‘ಇಲ್ಲ, ಅತ್ತೆ ಮನೆಯಲ್ಲಿದೆ’ ಎನ್ನುತ್ತಾಳೆ. ‘ಅಕ್ಕಿ ಬರುತ್ತಾ?’ ಎಂದರೆ ‘ಬರುತ್ತೆ’ ಎನ್ನುತ್ತಾಳೆ. ಎರಡೂ ನಿಜ. ಗೃಹಲಕ್ಷ್ಮಿಯ 2,000 ರೂಪಾಯಿ ವಿಷಯದಲ್ಲೂ ಇದೇ ತೊಡಕು, ಏಕೆಂದರೆ ಅದು ಕಾರ್ಡಿನಲ್ಲಿ ಯಜಮಾನಿ ಎಂದಿರುವ ಹೆಣ್ಣುಮಗಳಿಗೆ ಹೋಗುವುದು, ಒಲೆ ಎರಡಾದ ಮಾತ್ರಕ್ಕೆ ಯಜಮಾನಿಯರು ಇಬ್ಬರಾಗುವುದಿಲ್ಲ.

ಇಂಥ ಮನೆಯ ಮುಂದೆ ನಮ್ಮ ಪಕ್ಕಾ ರೂಲ್ ಏನು ಮಾಡುತ್ತದೆ? ಪರದೆ ಮುಂದೆ ಹೋಗುವುದಿಲ್ಲ. ಸರ್ವೆ ಮಾಡುವವರ ಮುಂದೆ ಎರಡೇ ದಾರಿ. ಅಕ್ಕಿಯ ಟಿಕ್ ತೆಗೆಯಬೇಕು, ಇಲ್ಲವೇ ಇಲ್ಲದ ಕಾರ್ಡನ್ನು ಇದೆ ಎಂದು ಹಾಕಬೇಕು. ನಿಜ ಹೇಳಿದ ಹೆಂಗಸಿನ ಮಾತನ್ನು ಸುಳ್ಳು ಮಾಡದೆ ಫಾರ್ಮ್ ಮುಗಿಯುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಡೇಟಾ ಕಾಯಬೇಕಾದ ರೂಲೇ ಡೇಟಾವನ್ನು ತಿನ್ನುತ್ತದೆ. ಇದರಲ್ಲಿ ನನ್ನನ್ನು ಹೆದರಿಸುವುದು ಬೇರೆಯದೇ. ಹೀಗೆ ಬಂದ ಡೇಟಾ ಎಕ್ಸೆಲ್‌ನಲ್ಲಿ ತುಂಬಾ ಚೆನ್ನಾಗಿ ಕಾಣುತ್ತದೆ. ಒಂದೂ ವೈರುಧ್ಯ ಇರುವುದಿಲ್ಲ, ಯಾರಿಗೂ ಅನುಮಾನ ಬರುವುದಿಲ್ಲ, ಬೇರೆ ಒಲೆ ಹೂಡಿ ಕಾರ್ಡ್ ಸಿಗದೆ ಕಾಯುತ್ತಿರುವ ಮನೆಗಳು ಆ ಊರಲ್ಲಿ ಇವೆ ಎಂಬ ವಿಷಯವೇ, ಬಹುಶಃ ಆ ಸರ್ವೆ ಕಂಡುಹಿಡಿಯಬೇಕಾಗಿದ್ದ ವಿಷಯವೇ, ಗುರುತು ಸಿಗದ ಹಾಗೆ ಅಳಿಸಿಹೋಗಿರುತ್ತದೆ.

ಹಾಗಾಗಿ ನಾನು ಪ್ರತಿ ರೂಲ್ ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಆಗಲು ಸಾಧ್ಯವೇ ಇಲ್ಲವಾ, ಅಥವಾ ಅಪರೂಪವಾ? ‘ಯಾವುದೂ ಇಲ್ಲ’ ಮತ್ತು ‘ಅನ್ನಭಾಗ್ಯ’ ಒಟ್ಟಿಗೆ ನಿಜವಾಗಲು ಸಾಧ್ಯವೇ ಇಲ್ಲ. ಅಲ್ಲಿ ತಡೆಯಿರಿ. ಕಾರ್ಡ್ ಇಲ್ಲದೆ ಅಕ್ಕಿ ಬರುವುದು ಅಪರೂಪ, ಆದರೆ ಸಾಧ್ಯ. ಅಲ್ಲಿ ತಡೆಯಬೇಡಿ, ಕೇಳಿ. ಅಂದರೆ ಆ ಎರಡು ಉತ್ತರ ಒಟ್ಟಿಗೆ ಬಂದಾಗ ಮಾತ್ರ ತೆರೆದುಕೊಳ್ಳುವ ಇನ್ನೊಂದು ಪ್ರಶ್ನೆ ಇಡಿ: ‘ಕಾರ್ಡ್ ಇಲ್ಲ ಎಂದಿದ್ದಾರೆ, ಅಕ್ಕಿ ಬರುತ್ತದೆ ಎಂದಿದ್ದಾರೆ. ಅಕ್ಕಿ ಯಾರ ಕಾರ್ಡಿನಿಂದ ಬರುತ್ತದೆ?’ ಆಯ್ಕೆಗಳು: ಅತ್ತೆ-ಮಾವ ಅಥವಾ ಅಪ್ಪ-ಅಮ್ಮನ ಕಾರ್ಡು, ಅಣ್ಣ-ತಮ್ಮಂದಿರ ಕಾರ್ಡು, ಬೇರೆಯವರ ಕಾರ್ಡು, ಮೊದಲಿನ ಉತ್ತರ ತಪ್ಪಾಗಿತ್ತು. ಕೊನೆಯದನ್ನು ಆರಿಸಿದರೆ ಹಿಂದೆ ಹೋಗಿ ತಿದ್ದಿ ಎಂಬ ಸೂಚನೆ. ಈ ಪ್ರಶ್ನೆ ಯಾವಾಗ ತೆರೆಯಬೇಕು ಎಂಬುದನ್ನು ‘ರೆಲೆವೆಂಟ್’ ಕಾಲಂನಲ್ಲಿ ಬರೆಯಬಹುದು. ಕೆಲಸ ಸ್ವಲ್ಪ ಜಾಸ್ತಿ, ಆದರೆ ಬರುವ ಮಾಹಿತಿಗೆ ಬೆಲೆ ಕಟ್ಟೋಕಾಗಲ್ಲ.

‘ರಿಕ್ವೈರ್ಡ್’ ವಿಷಯದಲ್ಲೂ ಇದೇ ಮಾತು. ಎಲ್ಲ ಪ್ರಶ್ನೆಗೂ ಕಡ್ಡಾಯ ಎಂದು ಹಾಕಿಬಿಡುವುದು ರೂಢಿಯಾಗಿದೆ. ಕಡ್ಡಾಯ ಮಾಡಿ, ಬೇಡ ಎನ್ನುವುದಿಲ್ಲ. ಆದರೆ ‘ಗೊತ್ತಿಲ್ಲ’, ‘ಹೇಳಲು ಇಷ್ಟವಿಲ್ಲ’ ಎಂಬ ಬಾಗಿಲು ತೆರೆದಿರಲಿ. ಸಾಲ ಯಾರಿಂದ ತಂದಿದ್ದೀರಿ ಎಂಬ ಪ್ರಶ್ನೆಗೆ ನೆಂಟರ ಎದುರು ಉತ್ತರ ಹೇಳಲಾಗದ ಮನುಷ್ಯನಿಗೆ ಸುಮ್ಮನಿರುವ ಹಕ್ಕಿದೆ. ಫಾರ್ಮ್ ಆ ಹಕ್ಕು ಕೊಡದಿದ್ದರೆ, ಸರ್ವೆ ಮಾಡುವವರು ‘ಬ್ಯಾಂಕ್’ ಎಂದು ಟಿಕ್ ಮಾಡಿ ಎದ್ದು ಹೋಗುತ್ತಾರೆ. ಮತ್ತು ಈ ಎರಡು ಆಯ್ಕೆಗಳನ್ನು ಒಂದೇ ಮಾಡಬೇಡಿ. ಗೊತ್ತಿಲ್ಲದವರು ಬೇರೆ, ಹೇಳದವರು ಬೇರೆ.

ಡೇಟಾ ಇಳಿಸುವಾಗ ಬಹು ಆಯ್ಕೆ ಪ್ರಶ್ನೆಯನ್ನು ಆಯ್ಕೆಗೊಂದು ಕಾಲಂ ಆಗಿ ಒಡೆದುಕೊಳ್ಳಬಹುದು, ಟಿಕ್ ಇದ್ದರೆ 1, ಇಲ್ಲದಿದ್ದರೆ 0. ಪ್ರಶ್ನೆಯೇ ತೆರೆಯದ ಮನೆಗಳಿಗೆ ಅಲ್ಲಿ ಖಾಲಿ ಇರುತ್ತದೆ. ಈ ಖಾಲಿಯನ್ನು 0 ಎಂದು ತುಂಬಬೇಡಿ. ಹಸು ಇಲ್ಲ ಎಂದವರೂ, ಹಸುವಿನ ಬಗ್ಗೆ ಯಾರೂ ಕೇಳದೇ ಇದ್ದವರೂ ಒಂದೇ ಆಗಿಬಿಡುತ್ತಾರೆ, ಶೇಕಡಾವಾರು ಲೆಕ್ಕವೆಲ್ಲ ಕೆಳಗಿಳಿಯುತ್ತದೆ.

ಗೂಗಲ್ ಫಾರ್ಮ್ಸ್ ಬಳಸುವವರಿಗೆ ಎರಡು ಮಾತು. ಅದರಲ್ಲಿ ಚೆಕ್‌ಬಾಕ್ಸ್ ಪ್ರಶ್ನೆಗೆ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು, ಸರಿಯಾಗಿ ಇಷ್ಟು ಎಂಬ ಮೂರು ರೂಲ್ ಇವೆ, ತಪ್ಪಿದಾಗ ಬರುವ ಸಂದೇಶವನ್ನೂ ನಾವೇ ಕನ್ನಡದಲ್ಲಿ ಬರೆಯಬಹುದು. ಒಂದು ಆಯ್ಕೆಯನ್ನು ಮಾತ್ರ ಒಂಟಿಯಾಗಿಡುವ ರೂಲ್ ಅದರಲ್ಲಿಲ್ಲ. ಹಾಗಾಗಿ ಮೇಲೆ ಹೇಳಿದ ಹೌದು-ಇಲ್ಲ ದಾರಿಯೇ ಗತಿ. ಉತ್ತರ ನೋಡಿ ಬೇರೆ ಸೆಕ್ಷನ್‌ಗೆ ಕಳಿಸುವ ಸೌಲಭ್ಯ ಚೆಕ್‌ಬಾಕ್ಸ್‌ಗೆ ಇಲ್ಲ, ಒಂದೇ ಉತ್ತರದ ಪ್ರಶ್ನೆಗೂ ಡ್ರಾಪ್‌ಡೌನ್‌ಗೂ ಇದೆ. ‘ಯಾವುದಾದರೂ ಯೋಜನೆ ಸಿಗುತ್ತಿದೆಯಾ?’ ಎಂದು ಮೊದಲು ಕೇಳಿ, ಹೌದು ಎಂದವರನ್ನು ಮಾತ್ರ ಚೆಕ್‌ಬಾಕ್ಸ್ ಇರುವ ಸೆಕ್ಷನ್‌ಗೆ ಕಳಿಸಿ.

ಫಾರ್ಮ್ ಊರಿಗೆ ಹೋಗುವ ಮೊದಲು ಪರೀಕ್ಷೆ ಮಾಡುವುದು ಎಲ್ಲರಿಗೂ ಗೊತ್ತು. ಬೇಕಂತಲೇ ತಪ್ಪು ತುಂಬಿ, ತಡೆಯುತ್ತದೆಯಾ ಎಂದು ನೋಡುತ್ತೇವೆ. ಅದರ ಜೊತೆಗೆ, ವಿಚಿತ್ರವಾಗಿದ್ದರೂ ನಿಜವಾದ ಉತ್ತರಗಳನ್ನು ತುಂಬಿ, ಬಿಡುತ್ತದೆಯಾ ಎಂದೂ ನೋಡಬೇಕು. ಇದನ್ನು ಮಾಡಲು ಅತಿ ಒಳ್ಳೆಯವರು ಸರ್ವೆಗೆ ಹೋಗುವವರೇ. ತರಬೇತಿಯ ದಿನ ಅವರವರ ಮನೆಯ ವಿವರವನ್ನೇ ತುಂಬಲು ಹೇಳಿ. ಮಲೆನಾಡಿನವರು ಇದ್ದರೆ ‘ಮೇಡಂ, ನಮ್ಮನೆಗೆ ಗುಡ್ಡದ ಒರತೆಯಿಂದ ಪೈಪ್ ಹಾಕಿಕೊಂಡ ಅಬ್ಬಿ ನೀರು, ಅದಕ್ಕೆ ಯಾವುದು ಟಿಕ್ ಮಾಡಲಿ?’ ಎಂದು ಅಲ್ಲೇ ಕೇಳುತ್ತಾರೆ. ಆ ಆಯ್ಕೆ ಪಟ್ಟಿಯಲ್ಲಿ ಇಲ್ಲ ಎಂಬುದು ನಮಗೆ ಆಗ ತಿಳಿಯುತ್ತದೆ.

ಎಷ್ಟು ನೋಡಿದರೂ ‘ಇತರೆ’ ಬೇಕೇ ಬೇಕು. ‘ಇತರೆ’ ಟಿಕ್ ಆದರೆ ವಿವರ ಬರೆಯುವ ಜಾಗ ತೆರೆಯಲಿ, ಅದು ಕಡ್ಡಾಯವಾಗಿರಲಿ. ಅಲ್ಲಿ ಕನಿಷ್ಠ ಇಷ್ಟು ಅಕ್ಷರ ಎಂಬ ರೂಲ್ ಮಾತ್ರ ಬೇಡ, ಚುಕ್ಕೆ ಹಾಕುವವರು ಹತ್ತು ಚುಕ್ಕೆ ಹಾಕುತ್ತಾರೆ. ಅದರ ಬದಲು ಮೊದಲ ಕೆಲವು ದಿನ ಸಂಜೆ ಸಂಜೆ ಆ ವಿವರಗಳನ್ನು ಓದಿ. ಒಂದೇ ಉತ್ತರ ಮತ್ತೆ ಮತ್ತೆ ಬರುತ್ತಿದ್ದರೆ ಅದನ್ನು ಹೊಸ ಆಯ್ಕೆಯಾಗಿ ಸೇರಿಸಿ, ಪಟ್ಟಿಯ ಕೊನೆಯಲ್ಲಿ, ಹೊಸ ಕೋಡ್ ಕೊಟ್ಟು. ಹಳೆಯ ಕೋಡ್‌ಗಳನ್ನು ಮುಟ್ಟಬೇಡಿ. ನಡುವೆ ಸೇರಿಸಿ ನಂಬರ್ ಬದಲಿಸಿದರೆ ನಿನ್ನೆಯವರೆಗಿನ 4 ಬಾವಿ, ಇವತ್ತಿನಿಂದ 4 ಒರತೆ ಆಗಿಬಿಡುತ್ತದೆ. ಫಾರ್ಮಿನ ವರ್ಷನ್ ನಂಬರ್ ಬದಲಿಸಿ, ಯಾವ ದಿನದಿಂದ ಯಾವ ರೂಲ್, ಯಾವ ಆಯ್ಕೆ ಸೇರಿತು ಎಂದು ಬೇರೆ ಹಾಳೆಯಲ್ಲಿ ಬರೆದಿಡಿ. ಎಲ್ಲರ ಫೋನಿಗೂ ಹೊಸ ಫಾರ್ಮ್ ಇಳಿದಿದೆಯಾ ಎಂದು ಬೆಳಿಗ್ಗೆ ಊರಿಗೆ ಹೊರಡುವ ಮೊದಲೇ ನೋಡಿಕೊಳ್ಳಿ, ಅಲ್ಲಿ ನೆಟ್‌ವರ್ಕ್ ಸಿಗುತ್ತದೆ ಎಂಬ ನಂಬಿಕೆ ಬೇಡ.